ಅಮ್ಮ ಬಂದವ್ಳೆ

ಚಿನ್ನದ ಗಣಿ ಕೆಲಸಗಾರರ ನಂದಿದುರ್ಗದ ಲೈನಿನಲ್ಲಿದ್ದ ನಮ್ಮ ಮನೆಗೆ ಬಾಗಿಲಿತ್ತು, ಆದರೆ ಹಗಲು ಹೊತ್ತಿನಲ್ಲಿ ಅದನ್ನು ಮುಚ್ಚಿದ್ದು ನನಗೆ ನೆನಪಿಲ್ಲ. ಬಾಗಿಲಿನ ಕೆಲಸವನ್ನು ದೊಡ್ಡಮ್ಮನ ಎಡಗಾಲು ಮಾಡುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಹೊಸ್ತಿಲ ಪಕ್ಕ ಕೂತು, ಬಲಗಾಲನ್ನು ಮಡಚಿ, ಎಡಗಾಲನ್ನು ಹೊಸ್ತಿಲಿಗೆ ಅಡ್ಡ ಚಾಚಿದಳೆಂದರೆ ಆ ಮುಂದಿನ ಕೋಣೆಯಿಂದ ಒಂದು ಮಗುವೂ ಅವಳಿಗೆ ಗೊತ್ತಾಗದಂತೆ ಆಚೆ ಹೋಗುವ ಹಾಗಿರಲಿಲ್ಲ. ಹೋಗಬೇಕಾದರೆ ಆ ಕಾಲನ್ನು ಹತ್ತಿ ಇಳಿಯಬೇಕು. ಅವಳು ಹುರುಳಿ ಆರಿಸುತ್ತಿರಲಿ, ಯಾರದೋ ತಲೆ ನೋಡುತ್ತಿರಲಿ, ಬಾಯಿ ತೆರೆದುಕೊಂಡು ತೂಕಡಿಸುತ್ತಿರಲಿ, ಕಾಲು ಮಾತ್ರ ಎಚ್ಚರವಾಗಿರುತ್ತಿತ್ತು. ಲೈನಿನವರು ನಮ್ಮ ಮನೆಯನ್ನು ಬಾಲವಾಡಿ ಎನ್ನುತ್ತಿದ್ದರು. ಬೋರ್ಡಿಲ್ಲ, ಬೆಂಚಿಲ್ಲ. ಗಣಿಯಲ್ಲಿ ನೆಲದಡಿಯ ಕೆಲಸಕ್ಕಿದ್ದ ದೊಡ್ಡಪ್ಪನಿಗೆ ಸಿಕ್ಕಿದ್ದ ಎರಡು ಕೋಣೆಯ ಮನೆ ಅದು. ಹಿಂದಿನ ಕೋಣೆಯಲ್ಲಿ ನಮ್ಮ ಒಲೆ, ಹಾಸಿಗೆ, ದೇವರು ಎಲ್ಲ. ಮುಂದಿನ ಕೋಣೆ ಕೂಲಿಗೆ ಹೋಗುವ ತಾಯಂದಿರು ಬಿಟ್ಟುಹೋಗುತ್ತಿದ್ದ ಮಕ್ಕಳದು. ತಗಡಿನ ಸೂರಿನ ತೂತುಗಳಿಂದ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ನೆಲಕ್ಕೆ ಬೀಳುತ್ತಿತ್ತು. ತೊಲೆಗೆ ಕಟ್ಟಿದ ಹಳೆ ಸೀರೆಗಳ ಜೋಲಿಯಲ್ಲಿ ಕೂಸುಗಳು ಮಲಗಿರುತ್ತಿದ್ದವು. ಎಲ್ಲೋ ಆಳದಲ್ಲಿ ಬಂಡೆ ಸಿಡಿದಾಗ ನೆಲ ಸಣ್ಣಗೆ ನಡುಗಿ, ಯಾರೂ ಮುಟ್ಟದೆಯೇ ಆ ಜೋಲಿಗಳು ತೂಗಿಕೊಳ್ಳುತ್ತಿದ್ದವು. ಭೂಮಿಯೇ ಮಕ್ಕಳನ್ನು ತೂಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ದೊಡ್ಡಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ವಾರಗಳಲ್ಲಿ ಮೆಲ್ಲಗೆ ಅಳುವುದನ್ನು ನಾವೆಲ್ಲ ಕಲಿತಿದ್ದೆವು.

ಬೆಳಿಗ್ಗೆ ಮಕ್ಕಳು ಬರುವಾಗ ಕಾಲು ಮಡಚಿ ದಾರಿ ಕೊಡುವ ಮೊದಲು ದೊಡ್ಡಮ್ಮನ ತಪಾಸಣೆ ಆಗಬೇಕು. ಅಂಗೈ ಹಿಂಬದಿಯನ್ನು ಮಗುವಿನ ಕುತ್ತಿಗೆಗೆ ಇಡುತ್ತಿದ್ದಳು. ಕಣ್ಣ ರೆಪ್ಪೆ ಎಳೆದು ನೋಡಿ, ಬಾಯಿ ಮೂಸಿ, ರಾತ್ರಿ ಏನು ತಿಂದಿದೆ, ತಿಂದದ್ದು ಇಳಿದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದಳು. ಮೈ ಬೆಚ್ಚಗಿದ್ದ ಮಗುವಿಗೆ ಪ್ರವೇಶವಿಲ್ಲ. ಒಂದು ದಿನದ ಕೂಲಿ ಹೋಗುತ್ತದಲ್ಲ ಎಂಬ ಸಂಕಟಕ್ಕೆ ಕೆಲವು ತಾಯಂದಿರು ಕುತ್ತಿಗೆಗೆ ತಣ್ಣೀರು ಒರೆಸಿ ಮಗುವನ್ನು ತರುತ್ತಿದ್ದರು. ದೊಡ್ಡಮ್ಮನಿಗೆ ಆ ಆಟ ಗೊತ್ತಿದ್ದರಿಂದ ಕೈಯನ್ನು ಸೀದಾ ಕಂಕುಳಿಗೆ ಇಡುತ್ತಿದ್ದಳು. ಬೈಯುತ್ತಿರಲಿಲ್ಲ. ಕಾಲನ್ನು ಮಾತ್ರ ಮಡಚುತ್ತಿರಲಿಲ್ಲ, ತಾಯಿ ಸ್ವಲ್ಪ ಹೊತ್ತು ನಿಂತಿದ್ದು ಹಿಂದಕ್ಕೆ ಹೋಗುತ್ತಿದ್ದಳು.

ಮಧ್ಯಾಹ್ನ ಮುದ್ದೆ. ಮಕ್ಕಳೆಲ್ಲ ಸುತ್ತ ಕೂರಬೇಕು, ನಡುವೆ ತಟ್ಟೆ ಇಟ್ಟುಕೊಂಡು ದೊಡ್ಡಮ್ಮ. ನೆಲ್ಲಿಕಾಯಿ ಗಾತ್ರಕ್ಕೆ ಮುರಿದು, ಸೊಪ್ಪಿನ ಸಾರಿನಲ್ಲಿ ಉರುಳಿಸಿ, ಒಂದೊಂದು ಬಾಯಿಗೂ ಸರದಿಯಂತೆ ಇಡುತ್ತಾ ಸುತ್ತುತ್ತಿದ್ದಳು. ಮೂಗು ಸೋರುವವರಿಗೆ ಬೇರೆ ಬಟ್ಟಲು, ಕಡೆಯ ಸರದಿ. ಅನ್ನದ ಸೀಮೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ, ಮುದ್ದೆಯನ್ನು ಅಗಿಯಬಾರದು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಬಾಯಿ ತುಂಬ ಅಂಟು. ನಾಲಗೆಯ ಮೇಲೆ ಬಿದ್ದದ್ದನ್ನು ಹಾಗೇ ಒಳಕ್ಕೆ ಕಳಿಸಬೇಕು. ಆಗಷ್ಟೇ ಹಲ್ಲು ಬಂದ ಖುಷಿಯಲ್ಲಿ ಕಂಡದ್ದನ್ನೆಲ್ಲ ಕಡಿಯುವ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭವಲ್ಲ. ಹಾಗಾಗಿ ನನ್ನ ಬಾಲ್ಯದಲ್ಲಿ ಅತಿ ಹೆಚ್ಚು ಸಲ ನನ್ನ ಕಿವಿಗೆ ಬಿದ್ದ ಮಾತು ಇದು:

"ಕಚ್ಬೇಡ, ನುಂಗು."

ನಾನು ಬಾಲವಾಡಿಯ ಮಗುವೂ ಹೌದು, ಆ ಮನೆಯ ಮಗುವೂ ಹೌದು. ನಮ್ಮಮ್ಮ ದೊಡ್ಡಮ್ಮನ ತಂಗಿ. ಬೂದಿಕೋಟೆ ಕಡೆಯ ಗಂಡನ ಮನೆಯಿಂದ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ದಿನ ಅಕ್ಕನ ಮನೆಗೆ ಬಂದವಳು ಮತ್ತೆ ವಾಪಸ್ಸು ಹೋಗಲಿಲ್ಲ. ಅಪ್ಪನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಇಲ್ಲಿ ಎತ್ತುವುದಿಲ್ಲ. ಅಮ್ಮ ಬೆಂಗಳೂರಿನ ಒಂದು ಗಾರ್ಮೆಂಟಿಗೆ ಹೊಲಿಯಲು ಹೋಗುತ್ತಿದ್ದಳು. ನಾನು ಏಳುವ ಮೊದಲೇ ಹೊರಡುವ ರೈಲಿಗೆ ಹೋಗಿ, ನಾನು ಮಲಗಿದ ಮೇಲೆ ತಲುಪುವ ರೈಲಿಗೆ ಬರುತ್ತಿದ್ದಳು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹತ್ತುವ ಜನಕ್ಕೆ ಕಾಲಿಡಲೂ ಜಾಗವಿರುತ್ತಿರಲಿಲ್ಲವಂತೆ, ಬಾಗಿಲಲ್ಲೇ ನಿಂತು ಹೋಗುತ್ತಿದ್ದಳಂತೆ. ಇದೆಲ್ಲ ಆಮೇಲೆ ಕೇಳಿದ್ದು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ಎದ್ದಾಗ ಅಮ್ಮನಿಲ್ಲ, ಮಲಗುವಾಗಲೂ ಇಲ್ಲ. ಪ್ರತಿದಿನ ಬೆಳಿಗ್ಗೆ ನನ್ನ ಮುಖ ತೊಳೆಸುತ್ತಾ ದೊಡ್ಡಮ್ಮ ಹೇಳುತ್ತಿದ್ದಳು:

"ರಾತ್ರಿ ಅಮ್ಮ ಬಂದಿದ್ಳು ಕಣೇ. ನಿನ್ನ ಮುದ್ದು ಮಾಡಿ ಒಂಟೋದ್ಳು."

ನಾನು ನಂಬುತ್ತಿರಲಿಲ್ಲ. ಪುರಾವೆಗಾಗಿ ಚಾಪೆಯನ್ನೆಲ್ಲ ತಡಕುತ್ತಿದ್ದೆ. ಕೆಲವು ದಿನ ಒಂದು ಸಣ್ಣ ನೂಲಿನ ತುಣುಕು ಸಿಗುತ್ತಿತ್ತು. ಒಮ್ಮೆ ನೀಲಿ, ಒಮ್ಮೆ ಹಳದಿ, ಯಾವ ದೇಶದವರು ತೊಡುವ ಅಂಗಿಯದೋ. ಅದನ್ನು ಬಾಯಿಗೆ ಹಾಕಿಕೊಂಡು ಮಧ್ಯಾಹ್ನದವರೆಗೂ ಅಗಿಯುತ್ತಿದ್ದೆ. ಭಾನುವಾರ ಅಮ್ಮ ಇರುತ್ತಿದ್ದಳು, ಇದ್ದೂ ಇರುತ್ತಿರಲಿಲ್ಲ. ಬಟ್ಟೆ ಒಗೆದು, ನನ್ನ ತಲೆಗೆ ಎರೆದು, ಹಿಂದಿನ ಕೋಣೆಯಲ್ಲಿ ಮಲಗಿದಳೆಂದರೆ ಸಂಜೆಗೇ ಏಳುತ್ತಿದ್ದದ್ದು. ನಿದ್ದೆಯಲ್ಲೂ ಅವಳ ಬಲಗಾಲಿನ ಪಾದ ಮಿಷನ್ ತುಳಿಯುವ ಹಾಗೆ ಆಗಾಗ ಅಲುಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಆ ಪಾದವನ್ನೇ ನೋಡುತ್ತಿದ್ದೆ. ನನಗೆ ಅವಳು ಬೇಕಾಗಿತ್ತು, ಕಣ್ಣು ತೆರೆದಿರುವ ಅಮ್ಮ ಬೇಕಾಗಿತ್ತು. ಅದಕ್ಕಿಂತ ದೊಡ್ಡ ಆಸೆ ಆಮೇಲೆ ಈ ಜನ್ಮದಲ್ಲಿ ನನಗೆ ಇನ್ಯಾವುದೂ ಆಗಿಲ್ಲ.

ಇನ್ನು ನಾನು ಕಚ್ಚುತ್ತಿದ್ದ ವಿಷಯ. ಲೈನಿನಲ್ಲಿ ನನ್ನನ್ನು ಜಯಾ ಎಂದು ಕರೆಯುತ್ತಿದ್ದವರು ಕಡಿಮೆ, ಕಚ್ಚೋ ಕೂಸು ಎಂದರೆ ಎಲ್ಲರಿಗೂ ಗೊತ್ತು. ಬೆಳಿಗ್ಗೆಯೆಲ್ಲ ಪಾಪದವಳು. ಸಂಜೆಯ ಸೈರನ್ ಕೂಗಿ, ತಾಯಂದಿರು ಒಬ್ಬೊಬ್ಬರಾಗಿ ಓಣಿಯ ತುದಿಯಲ್ಲಿ ಕಾಣಿಸಿಕೊಂಡು, ಮಕ್ಕಳು ದೊಡ್ಡಮ್ಮನ ಕಾಲ ಮೇಲೆ ಹತ್ತಿ "ಅಮ್ಮಾ" ಎಂದು ಕೈ ಚಾಚುವ ಹೊತ್ತಿಗೆ ನನ್ನ ಹಲ್ಲಿಗೆ ಏನೋ ಬರುತ್ತಿತ್ತು. ಯಾರ ಅಮ್ಮ ಮೊದಲು ಬಂದಳೋ ಆ ಮಗುವಿಗೆ ಕಚ್ಚುತ್ತಿದ್ದೆ. ಹೆಚ್ಚಾಗಿ ಸಿಗುತ್ತಿದ್ದವಳು ಪದ್ಮ. ಎರಡು ಮನೆ ಆಚೆಯ ಲಕ್ಷ್ಮಕ್ಕನ ಮಗಳು, ನನ್ನ ವಾರಿಗೆಯವಳು, ದುಂಡು ದುಂಡಾಗಿ ಕಚ್ಚಲು ಹೇಳಿ ಮಾಡಿಸಿದ ಹಾಗಿದ್ದಳು. ಒಂದು ಸಂಜೆ ಅವಳ ಭುಜದಲ್ಲಿ ನನ್ನ ಹಲ್ಲುಗಳೆಲ್ಲ ಕೆಂಪಗೆ ಮೂಡಿದಾಗ ಇಟ್ಟಿಗೆ ಹೊತ್ತು ದಣಿದು ಬಂದಿದ್ದ ಲಕ್ಷ್ಮಕ್ಕನಿಗೆ ತಡೆಯಲಾಗಲಿಲ್ಲ.

"ಅವ್ಳಿಗೂ ಒಂದ್ಸಲ ಕಚ್ಬೇಕು ಅಕ್ಕ. ಆಗ ಗೊತ್ತಾಯ್ತದೆ ನೋವು ಅಂದ್ರೆ ಏನು ಅಂತ. ನಿಮ್ ಮನೆ ಮಗು ಅಂತ ಸುಮ್ನೆ ಬಿಟ್ಟಿದ್ದೀಯ."

ಕಚ್ಚಿಸಿಕೊಂಡವರ ಕಡೆಗೇ ಮೊದಲು ಹೋಗಬೇಕೆಂಬುದು ದೊಡ್ಡಮ್ಮನ ಪದ್ಧತಿ. ಪದ್ಮಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಯಕ್ಕೆ ತಣ್ಣೀರು ಹನಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪದ್ಮ ಬಿಕ್ಕುವುದು ನಿಂತ ಮೇಲೆ ಎದ್ದು ಹೋಗಿ ಒಂದು ಚೂರು ಒಣಕೊಬ್ಬರಿ ತಂದು, ಕಡಿಯಬೇಕೆನ್ನಿಸಿದರೆ ಇದನ್ನು ಕಡಿ ಎಂದು ನನ್ನ ಕೈಯಲ್ಲಿಟ್ಟಳು. ಆಮೇಲೆ ಲಕ್ಷ್ಮಕ್ಕನಿಗೆ ಹೇಳಿದಳು:

"ದೊಡ್ಡೋರು ಕಚ್ಚಿದ್ರೆ ಮಗು ಕಲಿಯೋದು ಒಂದೇ, ದೊಡ್ಡೋರೂ ಕಚ್ತಾರೆ ಅಂತ. ನನ್ನ ಮನೇಲಿ ಯಾರೂ ಯಾರ್ನೂ ಕಚ್ಚಂಗಿಲ್ಲ."

ಈಗ ಬಂಗಾರಪೇಟೆಯಲ್ಲಿ ನಾನೇ ಒಂದು ಶಿಶುವಿಹಾರ ನಡೆಸುತ್ತೇನೆ. ತರಬೇತಿ ಮುಗಿಸಿ ಬರುವ ಹುಡುಗಿಯರು ಕಚ್ಚುವ ಮಗುವನ್ನು ಕಂಡರೆ ಕಂಗಾಲಾಗುತ್ತಾರೆ. ಇತ್ತ ಪೋಷಕರು ಮೊಬೈಲಿನಲ್ಲಿ ಗಾಯದ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಮಗು ಯಾವ ಹೊತ್ತಿಗೆ ಕಚ್ಚುತ್ತದೆ ಗಮನಿಸಿ ಎಂದು ನಾನು ಹೇಳಿದಾಗ ಆ ಹುಡುಗಿಯರು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಇದನ್ನು ಎಲ್ಲಿ ಓದಿದಿರಿ ಮೇಡಂ ಎಂದು ಒಬ್ಬಳು ಕೇಳಿದಳು. ನಾನು ನಕ್ಕೆ.

ದೊಡ್ಡಮ್ಮ ಆ ಹೊತ್ತನ್ನು ಹಿಡಿದಿದ್ದಳು. ಸೈರನ್ ಕೂಗುವ ಸ್ವಲ್ಪ ಮೊದಲೇ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು ಕೊಬ್ಬರಿಯ ಚೂರು ಕೊಟ್ಟು ಕೂರಿಸುತ್ತಿದ್ದಳು. ಗೋಡೆಯಾಚೆ ಅಮ್ಮಾ ಅಮ್ಮಾ ಎನ್ನುವ ಸದ್ದು ಒಂದೊಂದಾಗಿ ಕರಗಿಹೋಗುವವರೆಗೂ ನಾನು ಕಡಿಯುತ್ತಿರುತ್ತಿದ್ದೆ. ಹೀಗೆ ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಒಂದು ಬೆಳಿಗ್ಗೆ ಪದ್ಮ ಬರಲಿಲ್ಲ. ಲಕ್ಷ್ಮಕ್ಕ ಒಬ್ಬಳೇ ಬಂದು ಓಣಿಯಲ್ಲಿ ದೂರಕ್ಕೇ ನಿಂತಳು. ಮುಡಿಯಲ್ಲಿ ಬೇವಿನ ಎಸಳು ಸಿಕ್ಕಿಸಿಕೊಂಡಿದ್ದಳು.

"ಪದ್ಮಂಗೆ ಅಮ್ಮ ಬಂದವ್ಳೆ ಅಕ್ಕ. ನಾನು ಕೂಲಿಗೆ ಓಗಲ್ಲ. ಮೂರು ನೀರು ಆಕೋವರ್ಗೂ ಅಮ್ಮ ಮನೇಲೇ ಇರ್ತಾಳಲ್ಲ."

ಮೈಮೇಲೆ ನೀರುಗುಳ್ಳೆ ಏಳುವ ಆ ಕಾಯಿಲೆಗೆ ನಮ್ಮಲ್ಲಿ ಅಮ್ಮ ಎಂದೇ ಹೆಸರು. ಅದನ್ನು ಕಾಯಿಲೆ ಎನ್ನುವುದೂ ತಪ್ಪು, ದೇವಿ ಮೈಮೇಲೆ ಇಳಿದು ಕೆಲವು ದಿನ ಇದ್ದು ಹೋಗುತ್ತಾಳೆ ಅಷ್ಟೇ. ಮೂರು ಸಲ ಬೇವಿನ ನೀರೆರೆದರೆ ಅವಳು ಹೊರಟಳೆಂದು ಅರ್ಥ. ದೊಡ್ಡಮ್ಮ ಕೆನ್ನೆ ಮುಟ್ಟಿಕೊಂಡು ತಾಯಿ ತಣ್ಣಗಿರಲಿ ಎಂದಳು. ನಾನು ಅವಳ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡೆ. ಮೂರು ಭಾಷೆಯ ಲೈನು ನಮ್ಮದು. ಪಕ್ಕದ ಮನೆಯ ತಮಿಳಿನವರು ಅಮ್ಮ ಪೋಟ್ಟಿರುಕ್ಕು ಎಂದರು, ಎದುರಿನ ತೆಲುಗಿನವರು ಅಮ್ಮವಾರು ಎಂದರು. ಯಾವ ಭಾಷೆಯಲ್ಲಿ ಕೇಳಿದರೂ ಬಂದವಳು ಅಮ್ಮನೇ. ನನಗೆ ಅದರಲ್ಲಿ ಒಂದು ಚೂರೂ ಅನುಮಾನ ಉಳಿಯಲಿಲ್ಲ. ಪದ್ಮಳಿಗೆ ಅಮ್ಮ ಬಂದಿದ್ದಾಳೆ, ಬಂದವಳು ಕೆಲಸಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತಾಳೆ. ಲಕ್ಷ್ಮಕ್ಕ ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಮೊದಲ ಗುಳ್ಳೆ ಎದ್ದದ್ದು ನಾನು ಕಚ್ಚಿದ ಜಾಗದಲ್ಲೇ ಅಂತೆ. ಅವಳು ಅದನ್ನು ದೂರು ಎಂದು ಹೇಳಿದಳು, ನಾನು ಅದನ್ನು ಉಪಾಯ ಎಂದು ಕೇಳಿಸಿಕೊಂಡೆ. ಹಿಂದಿನ ಕೋಣೆಯ ಮೂಲೆಗೆ ಹೋಗಿ ನನ್ನ ಎಡಗೈ ಮಣಿಕಟ್ಟಿಗೆ ನಾನೇ ಬಲವಾಗಿ ಕಚ್ಚಿಕೊಂಡೆ. ಕಣ್ಣಲ್ಲಿ ನೀರು ಬಂತು, ಅಮ್ಮ ಬರಲಿಲ್ಲ. ಕೆಂಪು ಬಳೆಯಂಥ ಗುರುತು ಸ್ವಲ್ಪ ಹೊತ್ತಿಗೆ ಮಾಸಿಹೋಯಿತು. ಇನ್ನೊಮ್ಮೆ ಕಚ್ಚಿಕೊಂಡೆ.

ನಾಲ್ಕಾರು ಸಲ ಹೀಗಾದ ಮೇಲೆ ಪದ್ಮಳ ಮನೆಗೇ ಹೋಗಿ ನೋಡಬೇಕೆನ್ನಿಸಿತು. ಊಟದ ನಂತರದ ಹೊತ್ತು. ಮಕ್ಕಳೆಲ್ಲ ಮಲಗಿದ್ದರು, ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು, ಬಿಸಿಲಿನ ಬಿಲ್ಲೆಗಳು ಜೋಲಿಗಳ ಮೇಲೆ ಹರಿದಾಡುತ್ತಿದ್ದವು. ದೊಡ್ಡಮ್ಮನ ಕಣ್ಣು ಮುಚ್ಚಿತ್ತು. ನಾನು ಆ ಕಾಲಿನ ಮೇಲೆ ಹೊಟ್ಟೆಯಿಟ್ಟು, ಆಚೆಗೆ ಜಾರಿದೆ. ಎಲ್ಲರನ್ನೂ ತಡೆಯುತ್ತಿದ್ದ ಕಾಲು ನನ್ನನ್ನು ತಡೆಯಲಿಲ್ಲ. ದಿನವೂ ಅದರ ಮೇಲೇ ತಲೆಯಿಟ್ಟು ಮಲಗುವ ಮಗುವಿನ ಭಾರ ಅದಕ್ಕೆ ಅಭ್ಯಾಸವಾಗಿತ್ತೋ ಏನೋ. ಲಕ್ಷ್ಮಕ್ಕನ ಮನೆಯೊಳಗೆ ಕತ್ತಲೆ, ತಂಪು, ಬೇವಿನ ಕಹಿ ವಾಸನೆ. ನೆಲಕ್ಕೆ ಹರಡಿದ ಬೇವಿನ ಸೊಪ್ಪಿನ ಮೇಲೆ ಪದ್ಮ ಮಲಗಿದ್ದಳು. ಅವಳ ಪಕ್ಕದಲ್ಲಿ, ಹಾಡುಹಗಲಲ್ಲಿ, ಅವಳ ಅಮ್ಮ ಕಣ್ಣು ತೆರೆದುಕೊಂಡು ಕೂತಿದ್ದಳು. ಬೇವಿನ ಟೊಂಗೆಯಿಂದ ಮೆಲ್ಲಗೆ ಗಾಳಿ ಬೀಸುತ್ತಿದ್ದಳು, ಏನು ಬೇಕು ತಾಯಿ ಎಂದು ಮಗಳನ್ನು ಕೇಳುತ್ತಿದ್ದಳು. ನಾನು ಅಂದುಕೊಂಡದ್ದೆಲ್ಲ ಅಕ್ಷರಶಃ ನಿಜವಾಗಿತ್ತು. ಹೋಗಿ ಪದ್ಮಳ ಪಕ್ಕ ಆ ಸೊಪ್ಪಿನ ಮೇಲೆ ಮಲಗಿ, ಅವಳನ್ನು ತಬ್ಬಿಕೊಂಡೆ.

ಲಕ್ಷ್ಮಕ್ಕ ಹೌಹಾರಿದಳು. ಆದರೆ ಅಮ್ಮ ಇರುವ ಮನೆಯಲ್ಲಿ ದನಿ ಎತ್ತಬಾರದು, ಯಾರನ್ನೂ ಬೈಯಬಾರದು, ದೇವಿಗೆ ಸಿಟ್ಟು ಬರುತ್ತದೆ. ಮಗಳನ್ನು ಅಷ್ಟು ಸಲ ಕಚ್ಚಿದವಳ ಮುಂದೆ ಅವಳು ಕಣ್ಣಲ್ಲಿ ಕೆಂಡ ಕಾರುತ್ತಾ ಜೇನಿನಂಥ ದನಿಯಲ್ಲಿ ಎದ್ದೇಳು ತಾಯಿ, ನಿಮ್ಮ ಮನೆಗೆ ಹೋಗು ತಾಯಿ ಎಂದು ಬೇಡಿಕೊಂಡದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದ ಅವಳ ಮುಖದ ಬಣ್ಣ ಹೋಗಿತ್ತು. ನನ್ನನ್ನು ಎತ್ತಿಕೊಂಡು ಹೋದಳು. ಅವತ್ತಿನಿಂದ ತನ್ನ ಸೀರೆಯ ಸೆರಗನ್ನು ನನ್ನ ಸೊಂಟಕ್ಕೆ ಗಂಟುಹಾಕಿಕೊಂಡೇ ಓಡಾಡಿದಳು.

ಗಂಟು ಹಾಕಿ ಏನು ಪ್ರಯೋಜನ, ಆಗುವುದು ಆಗಿತ್ತು. ಪದ್ಮಳ ಮೂರು ನೀರು ಮುಗಿದು ಅವಳು ಮತ್ತೆ ಬಾಲವಾಡಿಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನ ಕುತ್ತಿಗೆಗೆ ಇಟ್ಟ ಕೈಯನ್ನು ದೊಡ್ಡಮ್ಮ ತೆಗೆಯಲಿಲ್ಲ. ಅಂಗಿ ಎತ್ತಿ ಹೊಟ್ಟೆ ನೋಡಿದಳು. ಬಾಗಿಲಿಗೆ ಬೇವಿನ ಗೊಂಚಲು ಕಟ್ಟಿದಳು. ಅದನ್ನು ಕಂಡ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಓಣಿಯ ತುದಿಯಿಂದಲೇ ಹಿಂದಿರುಗಿದರು. ನಾನು ಸೊಪ್ಪಿನ ಮೇಲೆ ಮಲಗಿ ಕಾದೆ. ಅಮ್ಮ ಈಗ ಬಂದಾಳು, ಸಂಜೆಗೆ ಬಂದಾಳು, ನಾಳೆ ಎದ್ದಾಗ ಪಕ್ಕದಲ್ಲಿ ಕಣ್ಣು ತೆರೆದು ಕೂತಿದ್ದಾಳು. ಆದದ್ದು ಬೇರೆ. ನಮ್ಮಮ್ಮನಿಗೆ ಚಿಕ್ಕಂದಿನಲ್ಲಿ ಈ ಅಮ್ಮ ಬಂದೇ ಇರಲಿಲ್ಲ. ದೊಡ್ಡವರಿಗೆ ಬಂದರೆ ಜೀವ ಹಿಂಡಿಬಿಡುತ್ತದೆ, ಗಾರ್ಮೆಂಟಿನಲ್ಲಿ ಅಷ್ಟು ದಿನ ಯಾರೂ ಜಾಗ ಕಾದಿಡುವುದಿಲ್ಲ. ಜೊತೆಗೆ ದಾರಿಯ ಮೈಲಿಗೆಯಲ್ಲಿ, ರೈಲಿನ ಕಾವಿನಲ್ಲಿ ಬಂದವರು ದೇವಿಯ ಮುಂದೆ ಬರಬಾರದೆಂಬ ಕಟ್ಟಳೆ ಬೇರೆ. ಹಾಗಾಗಿ ರಾತ್ರಿಗಳಲ್ಲಿ ಲಕ್ಷ್ಮಕ್ಕನ ಮನೆಯಲ್ಲಿ ಮಲಗಿ ಅಲ್ಲಿಂದಲೇ ಕೆಲಸಕ್ಕೆ ಹೋಗುವಂತೆ ದೊಡ್ಡಮ್ಮ ಏರ್ಪಾಡು ಮಾಡಿದ್ದಳು. ಅದನ್ನು ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಸೊಪ್ಪನ್ನೆಲ್ಲ ತಡಕಿದರೆ ಒಂದು ನೂಲೂ ಇಲ್ಲ. ರಾತ್ರಿ ಅಮ್ಮ ಬಂದಿದ್ಳು ಎಂಬ ಮಾತನ್ನು ದೊಡ್ಡಮ್ಮ ಆಡುವುದನ್ನೇ ಬಿಟ್ಟಳು. ಅಮ್ಮ ಬಂದ ಮೇಲೆ ಅಮ್ಮ ಬರುವುದು ನಿಂತುಹೋಗಿತ್ತು.

ಆ ದಿನಗಳ ನೆನಪುಗಳು ಒಂದಕ್ಕೊಂದು ಅಂಟಿಕೊಂಡು ಉಳಿದಿವೆ. ಜ್ವರದಲ್ಲಿ ಬಿಸಿಲಿನ ಬಿಲ್ಲೆಗಳು ನೆಲ ಬಿಟ್ಟು ಮೇಲೆದ್ದು ನನ್ನ ಮೈಗೆ ಬಂದು ಕೂತವು, ಅವೇ ಗುಳ್ಳೆಗಳಾದವು ಎಂದು ಕಂಡಿತು. ಖಾಲಿ ಜೋಲಿಗಳು ತಾವಾಗಿಯೇ ತೂಗಿದವು. ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ದೊಡ್ಡಪ್ಪ ಪಾಳಿಯಿಂದ ಬಂದು ಬೂಟನ್ನು ಓಣಿಯಲ್ಲೇ ಬಿಟ್ಟು, ಬೇವಿನ ನೀರಲ್ಲಿ ಕಾಲು ತೊಳೆದು ನನ್ನ ಮುಂದೆ ಕೈಮುಗಿಯುತ್ತಿದ್ದ. ನಾನು ತುರಿಸಿಕೊಂಡರೆ ಯಾರೂ ಗದರುತ್ತಿರಲಿಲ್ಲ, ಬೇಡ ತಾಯಿ ಎಂದು ಬೇವಿನ ಎಸಳಿನಿಂದ ಸವರುತ್ತಿದ್ದರು. ದಿನಾ ಬೆಳಿಗ್ಗೆ ದೊಡ್ಡಮ್ಮ ಎದುರಿಗೆ ಕೂತು ಏನು ಬೇಕು ತಾಯಿ ಎಂದು ಕೇಳುತ್ತಿದ್ದಳು. ದೇವಿ ಕೇಳಿದ್ದನ್ನು ಕೊಡಲೇಬೇಕು. ಕಲ್ಲುಸಕ್ಕರೆ ಎಂದೆ, ಬಂತು. ಎಳನೀರು ಎಂದೆ, ಬಂತು. ಪದ್ಮಳ ಬೊಂಬೆ ಎಂದೆ, ಲಕ್ಷ್ಮಕ್ಕ ಮರುಮಾತಿಲ್ಲದೆ ಕಳಿಸಿದಳು. ನನ್ನ ಮಾತಿಗೆ ಏನೋ ಆಗಿದೆ ಎಂದು ನನಗೆ ನಿಧಾನಕ್ಕೆ ಹೊಳೆಯಿತು.

ಭಾನುವಾರ ಬೆಳಿಗ್ಗೆ ಓಣಿಯಲ್ಲಿ ನಮ್ಮಮ್ಮ ನಿಂತಿದ್ದಳು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಇಳಿಬಿಟ್ಟುಕೊಂಡು, ಕೈಯಲ್ಲಿ ಒಂದು ಎಳನೀರು ಹಿಡಿದಿದ್ದಳು. ದೊಡ್ಡಮ್ಮ ಅವಳನ್ನು ಕಂಡವಳೇ ಹೊಸ್ತಿಲ ಪಕ್ಕ ಕೂತು ಎಡಗಾಲನ್ನು ಅಡ್ಡ ಚಾಚಿದಳು. ಮಕ್ಕಳನ್ನು ಒಳಗೆ ಇಟ್ಟುಕೊಳ್ಳುತ್ತಿದ್ದ ಕಾಲು ಅವತ್ತು ತಂಗಿಯನ್ನು ಹೊರಗೆ ಇಟ್ಟಿತು. ಅಕ್ಕತಂಗಿಯರು ದೇವಿಗೆ ಕೇಳಿಸಬಾರದೆಂದು ಪಿಸುದನಿಯಲ್ಲಿ ಜಗಳವಾಡಿದರು, ನನಗೆ ಎಲ್ಲ ಕೇಳಿಸುತ್ತಿತ್ತು.

"ಒಂದ್ಸಲ ಮುಟ್ಟಿ ಬತ್ತೀನಕ್ಕ."

"ನಿಂಗೆ ಬಂದ್ರೆ ಕೆಲ್ಸ ಓಯ್ತದೆ. ಕೆಲ್ಸ ಓದ್ರೆ ಇವ್ಳಿಗೆ ಏನ್ ತಿನ್ನುಸ್ತೀಯ ನೀನು?"

ಅಮ್ಮ ಗಂಟಲಲ್ಲಿ ಏನನ್ನೋ ನುಂಗಿದ್ದು ನಾನು ಮಲಗಿದ್ದಲ್ಲಿಂದಲೂ ಕಂಡಿತು. ಮುದ್ದೆ ತಿನ್ನುವ ಸೀಮೆಯವಳು, ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಎಳನೀರನ್ನು ಹೊಸ್ತಿಲ ಮೇಲಿಟ್ಟು, ದೊಡ್ಡಮ್ಮನ ಕಾಲಿನ ಆಚೆಗೇ ನಿಂತು ನನ್ನನ್ನು ನೋಡಿದಳು. ದೊಡ್ಡಮ್ಮನ ಕಣ್ಣೂ ತುಂಬಿತ್ತು, ಕಾಲು ಮಾತ್ರ ಅಲುಗಲಿಲ್ಲ. ಅವಳು ಆ ಎಳನೀರನ್ನು ಕೈಗೆತ್ತಿಕೊಂಡು, ನನ್ನ ಕಡೆ ತಿರುಗಿ, ದಿನದ ರೂಢಿಯಂತೆ ಏನು ಬೇಕು ತಾಯಿ ಎಂದು ಕೇಳಿದಳು. ನಾನು ಹೇಳಿದೆ:

"ಅಮ್ಮ ಬೇಕು. ಒಳಕ್ಕೆ ಬಿಡು."

ನಾನು ದೊಡ್ಡಮ್ಮನೊಡನೆ ಮಾತಾಡುವಾಗ ಕೊನೆಗೆ ದೊಡ್ಡಮ್ಮ ಎಂದು ಸೇರಿಸದೆ ಎಂದೂ ಬಿಟ್ಟವಳಲ್ಲ. ಬಿಡು ದೊಡ್ಡಮ್ಮ, ಕೊಡು ದೊಡ್ಡಮ್ಮ, ಎತ್ಕೊ ದೊಡ್ಡಮ್ಮ. ಅವತ್ತು ಸೇರಿಸಲಿಲ್ಲ. ಗಂಟಲು ಒಣಗಿದ್ದಕ್ಕೋ, ಬೇಕೆಂದೇ ಬಿಟ್ಟೆನೋ, ಎಷ್ಟು ಯೋಚಿಸಿದರೂ ಈಗ ತಿಳಿಯುವುದಿಲ್ಲ. ದೊಡ್ಡಮ್ಮ ನನ್ನ ಮುಖವನ್ನೇ ನೋಡಿದಳು. ಮಾತಾಡಿದ್ದು ಜಯಳೋ, ಜಯಳ ಮೈಮೇಲೆ ಇದ್ದವಳೋ ಎಂದು ಹುಡುಕುತ್ತಿದ್ದಳು. ಇಬ್ಬರಲ್ಲಿ ಯಾರ ಮಾತನ್ನು ಮೀರಬಹುದಿತ್ತು, ಯಾರ ಮಾತನ್ನು ಮೀರಬಾರದಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಕೊನೆಗೆ ನಿಧಾನವಾಗಿ ಕಾಲನ್ನು ಮಡಚಿಕೊಂಡಳು. ಅಮ್ಮ ಒಳಗೆ ಬಂದಳು. ಕಾಲು ತೊಳೆಯುವುದಕ್ಕೂ ನಿಲ್ಲಲಿಲ್ಲ, ದೊಡ್ಡಮ್ಮ ಹಿಂದಿನಿಂದ ಅವಳ ಬೆನ್ನಿಗೆ ಅರಿಸಿನ ನೀರು ಚಿಮುಕಿಸಿದಳು. ಅಮ್ಮ ಸೊಪ್ಪಿನ ಮೇಲೆ ನನ್ನ ಪಕ್ಕ ಮಲಗಿ, ಗುಳ್ಳೆಗಳ ನಡುವೆ ಮುತ್ತಿಡಲು ಜಾಗ ಹುಡುಕಿ, ಕೊನೆಗೆ ನನ್ನ ಕಿವಿಯ ತುದಿಗೆ ಮುತ್ತು ಕೊಟ್ಟಳು. ಅವಳ ಕಣ್ಣು ತೆರೆದಿತ್ತು.

ದೊಡ್ಡಮ್ಮ ಹೆದರಿದ್ದೇ ಆಯಿತು. ನನ್ನ ಮೂರು ನೀರು ಮುಗಿದು ಹಕ್ಕಳೆ ಉದುರುವ ಹೊತ್ತಿಗೆ ನಮ್ಮಮ್ಮನಿಗೆ ಅಮ್ಮ ಬಂದಳು. ಜೋರಾಗಿಯೇ ಬಂದಳು. ದೊಡ್ಡಮ್ಮ ಹರಕೆ ಹೊತ್ತಳು, ಡಾಕ್ಟರನ್ನೂ ಕರೆಸಿದಳು. ಬಾಗಿಲ ಮೇಲಿನ ಬೇವು ಒಣಗಿ ಹೊಸದು ಬಂತು. ಬಾಲವಾಡಿ ಮುಚ್ಚಿಯೇ ಇತ್ತು, ರಾಗಿ ಅಂಬಲಿ ದಿನದಿಂದ ದಿನಕ್ಕೆ ತೆಳ್ಳಗಾಯಿತು. ಲಕ್ಷ್ಮಕ್ಕ ಮೊಸರು ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಹಿರಿಯರಿಗೆ ಅದು ಸಂಕಟದ ಕಾಲ, ನನಗೆ ಅದಕ್ಕಿಂತ ಸುಖದ ಕಾಲ ಮತ್ತೊಂದಿಲ್ಲ. ನಾನು ಹಗಲೆಲ್ಲ ಅಮ್ಮನ ಪಕ್ಕ ಕೂತು ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತಿದ್ದೆ. ದೊಡ್ಡಮ್ಮನ ಹಾಗೆಯೇ ಏನು ಬೇಕು ತಾಯಿ ಎಂದು ಕೇಳುತ್ತಿದ್ದೆ. ಅಮ್ಮ ನಗುತ್ತಿದ್ದಳು, ನಕ್ಕರೆ ಗುಳ್ಳೆ ನೋಯುತ್ತದೆ ಎನ್ನುತ್ತಿದ್ದಳು. ಮಧ್ಯಾಹ್ನ ಮಲಗಿದಾಗ ನೋಡಿದೆ, ಅವಳ ಬಲಗಾಲಿನ ಪಾದ ಅಲುಗುವುದನ್ನು ನಿಲ್ಲಿಸಿತ್ತು. ಆ ದಿನಗಳಲ್ಲಿ ನಾನು ಯಾರನ್ನೂ ಕಚ್ಚಲಿಲ್ಲ. ಅಮ್ಮನ ಆ ಕೆಲಸ ಹೋಯಿತು. ಅದಕ್ಕೆ ನನಗೆ ದುಃಖವಿಲ್ಲ, ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೈ ಸುಧಾರಿಸಿದ ಮೇಲೆ ಅವಳಿಗೆ ಬೇರೆ ಗಾರ್ಮೆಂಟಿನಲ್ಲಿ ಕೆಲಸ ಸಿಕ್ಕಿತು, ಇನ್ನೂ ದೂರದ್ದು. ಇನ್ನೂ ಮುಂಚಿನ ರೈಲು ಹಿಡಿಯಬೇಕು. ಹೊರಡುವ ಹಿಂದಿನ ಸಂಜೆ ಅಮ್ಮ ಹೊಸ್ತಿಲ ಮೇಲೆ ಕೂತು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಳೆಯಿಂದ ಹೋಗುತ್ತೇನೆ ಎಂದಳು. ಸೈರನ್ ಕೂಗಿತು. ನಾನು ಅವಳ ಕೈ ಹಿಡಿದು ಮಣಿಕಟ್ಟಿಗೆ ಬಾಯಿ ಹಾಕಿದೆ. ಅದುವರೆಗೆ ಯಾರಿಗೂ ಕಚ್ಚದಷ್ಟು ಬಲವಾಗಿ ಕಚ್ಚಿದೆ. ನಾನು ಸಾಕಾಗಿ ಬಿಡುವವರೆಗೂ ಅಮ್ಮ ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಕೈಯನ್ನು ಬೆಳಕಿಗೆ ಹಿಡಿದು, ದುಂಡಗೆ ಮೂಡಿದ ಹಲ್ಲಿನ ಗುರುತುಗಳನ್ನು ನೋಡಿ, ನಗುತ್ತಾ ಹೇಳಿದಳು:

"ನೋಡೇ, ವಾಚು ಕಟ್ಟಿದ್ದೀಯ ನಂಗೆ. ಕೊಡು, ನಿಂಗೂ ಒಂದು ಕಟ್ತೀನಿ."

ನನ್ನ ಎಡಗೈ ಹಿಡಿದು ಮಣಿಕಟ್ಟಿನ ಮೇಲೆ ಮೆಲ್ಲಗೆ ಹಲ್ಲೂರಿದಳು. ನೋವಾಗುವುದಕ್ಕಿಂತ ಒಂದು ಚೂರು ಮೊದಲೇ ನಿಲ್ಲಿಸಿದಳು. ಒಳಗಿನಿಂದ ದೊಡ್ಡಮ್ಮ ನೋಡುತ್ತಿದ್ದಳು. ಅವಳ ಮನೆಯಲ್ಲಿ ಯಾರೂ ಯಾರನ್ನೂ ಕಚ್ಚುವಂತಿರಲಿಲ್ಲ. ಅವಳು ಒಲೆಯ ಕಡೆಗೆ ಮುಖ ತಿರುಗಿಸಿಕೊಂಡು, ಆರಿಯೇ ಇರದ ಬೆಂಕಿಯನ್ನು ಊದತೊಡಗಿದಳು.

ಮಾರನೆಯ ದಿನದಿಂದ ಪ್ರತಿ ಮುಂಜಾನೆ ರೈಲಿಗೆ ಹೊರಡುವ ಮೊದಲು ಅಮ್ಮ ನನಗೆ ವಾಚು ಕಟ್ಟುತ್ತಿದ್ದಳು. ಆ ಸಣ್ಣ ಕಚ್ಚಿಗೆ ನನ್ನ ನಿದ್ದೆ ಅರ್ಧ ಒಡೆಯುತ್ತಿತ್ತು. ಮಸುಕಿನಲ್ಲಿ ಅವಳ ಮುಖ, ಕೊಬ್ಬರಿ ಎಣ್ಣೆಯ ವಾಸನೆ, ಮಣಿಕಟ್ಟಿನ ಮೇಲೆ ಒದ್ದೆಯಾದ ಒಂದು ಬಳೆ. ಟೈಮೆಷ್ಟಾಯ್ತು ನೋಡೇ ಎನ್ನುತ್ತಿದ್ದಳು. ನಾನು ಕೈಯನ್ನು ಕಣ್ಣಿನ ಹತ್ತಿರ ತಂದು, ಅಮ್ಮ ಬರೋ ಟೈಮು ಎನ್ನುತ್ತಿದ್ದೆ. ವಾಚು ಸರಿಯಾಗೈತೆ ಎಂದು ಅವಳು ಹೋಗುತ್ತಿದ್ದಳು, ನಾನು ಮತ್ತೆ ನಿದ್ದೆಗೆ ಜಾರುತ್ತಿದ್ದೆ. ಬಿಸಿಲು ಏರಿ ನಾನು ಎದ್ದಾಗ ಕೈಮೇಲೆ ಗುರುತು ಉಳಿದಿರುತ್ತಿರಲಿಲ್ಲ. ದೊಡ್ಡಮ್ಮ ನನ್ನ ಮುಖ ತೊಳೆಸುತ್ತಾ ಹಳೆಯ ಮಾತನ್ನೇ ಹೇಳುತ್ತಿದ್ದಳು.

"ರಾತ್ರಿ ಅಮ್ಮ ಬಂದಿದ್ಳು ಕಣೇ."

"ಗೊತ್ತು ದೊಡ್ಡಮ್ಮ."